ಜ್ಯೇಷ್ಠತೆಯೂ ಪತ್ತೇದಾರಿಕೆಯೂ: ಕರ್ನಾಟಕದ ಪೊಲೀಸ್ ಬಡ್ತಿಯ ನಿಯಮಗಳನ್ನು ಕುರಿತ ಒಂದು ವಿಚಾರ

ಬೆಂಗಳೂರಿನ ಗಾಂಧಿನಗರದಲ್ಲಿ, ಉಪ್ಪಾರಪೇಟೆ ಪೊಲೀಸ್ ಠಾಣೆಯ ಸರಹದ್ದಿನಂಥ ಕಡೆ, ಹಗಲಿರುಳೂ ಬಂದಿಳಿಯುವ ಜನಸಂದಣಿಯ ನಡುವೆ ಮಫ್ತಿಯಲ್ಲಿ ನಿಂತು, ಜೇಬುಗಳ್ಳನ ಕೈಚಳಕವನ್ನೂ ಕದ್ದ ಮಾಲನ್ನು ಕ್ಷಣಮಾತ್ರದಲ್ಲಿ ದಾಟಿಸುವ ಅವನ ಸಂಗಡಿಗರ ಚಹರೆಯನ್ನೂ ಗುರುತಿಸಬಲ್ಲ ಕ್ರೈಂ ಸಿಬ್ಬಂದಿಯ ಪೇದೆಗೆ, ಆ ನೈಪುಣ್ಯದ ಬಲದಿಂದಲೇ ಪತ್ತೇದಾರನೆಂಬ ಪದವಿಯು ಲಭಿಸುವುದುಂಟೆ ಎಂದು ವಿಚಾರಿಸಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ಪೇದೆ, ಮುಖ್ಯಪೇದೆ, ಎ.ಎಸ್.ಐ., ಪಿ.ಎಸ್.ಐ., ಇನ್‌ಸ್ಪೆಕ್ಟರ್ ಎಂದು ಪೇದೆಯು ಏರುವ ಬಡ್ತಿಯ ಶ್ರೇಣಿಗಳಲ್ಲಿ ನೈಪುಣ್ಯದಿಂದಲೇ ಪತ್ತೇದಾರನಾಗುವ ಮೆಟ್ಟಿಲಿಲ್ಲ. ಠಾಣೆಯ ಕ್ರೈಂ ವಿಭಾಗವಾಗಲಿ, ನಗರದ ಕೇಂದ್ರ ಅಪರಾಧ ವಿಭಾಗವಾದ ಸಿ.ಸಿ.ಬಿ.ಯಾಗಲಿ, ಹಿಂದೆ ಸಿ.ಓ.ಡಿ. ಎನಿಸಿಕೊಂಡಿದ್ದ ಅರಮನೆ ರಸ್ತೆಯ ಸಿ.ಐ.ಡಿ.ಯಾಗಲಿ ನಿಯೋಜನೆಯ ಸ್ಥಾನಗಳೇ ಹೊರತು ಬಡ್ತಿಯ ಪದವಿಗಳಲ್ಲ. ವರ್ಗಾವಣೆಯ ಒಂದು ಆದೇಶದಿಂದ ಬಂದದ್ದು ಇನ್ನೊಂದರಿಂದ ಹೋಗುತ್ತದೆ.

ಬಡ್ತಿಯ ಸಾಮಾನ್ಯ ತತ್ತ್ವವನ್ನು 1957ರ ಮೈಸೂರು ಸಾಮಾನ್ಯ ನೇಮಕಾತಿ ನಿಯಮಗಳಲ್ಲಿಯೂ, ತರುವಾಯ 1977ರ ಕರ್ನಾಟಕ ನಾಗರಿಕ ಸೇವಾ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿಯೂ ಕಾಣಬಹುದು: ಉನ್ನತ ಹುದ್ದೆಗಳಿಗೆ ಆಯ್ಕೆ, ಮಿಕ್ಕವಕ್ಕೆ ‘ಜ್ಯೇಷ್ಠತೆ ಹಾಗೂ ಅರ್ಹತೆ’, ಎಂದರೆ ಹುದ್ದೆಯ ಕರ್ತವ್ಯಗಳನ್ನು ನಿರ್ವಹಿಸುವ ಯೋಗ್ಯತೆಗೆ ಒಳಪಟ್ಟ ಜ್ಯೇಷ್ಠತೆ. ಮೈಸೂರು ರಾಜ್ಯ ವಿರುದ್ಧ ಸೈಯದ್ ಮಹಮೂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಜ್ಯೇಷ್ಠತೆಯೊಂದರಿಂದಲೇ ಬಡ್ತಿಯನ್ನು ಹಕ್ಕಾಗಿ ಕೇಳಲಾಗದೆಂದೂ, ಹಿರಿಯನು ಅಯೋಗ್ಯನೆಂದು ಕಂಡುಬಂದಲ್ಲಿ ಕಿರಿಯನಿಗೆ ಬಡ್ತಿ ಕೊಡಬಹುದೆಂದೂ ನಿರ್ಣಯಿಸಿತು. ವಿವಾದವು ಸಂಖ್ಯಾಶಾಸ್ತ್ರ ಇಲಾಖೆಯ ನೌಕರರದಾದರೂ, ನಿರ್ಣಯದ ತತ್ತ್ವವು ಪೊಲೀಸರಿಗೂ ಸಲ್ಲುತ್ತದೆ. ಆದರೆ ಇಲ್ಲಿ ಯೋಗ್ಯತೆಯೆಂಬುದು ಅಯೋಗ್ಯನನ್ನು ತಡೆಯುವ ಬಾಗಿಲಷ್ಟೆ. ನಿಪುಣನನ್ನು ಮುಂದಕ್ಕೆ ಕರೆಯುವ ದಾರಿಯಲ್ಲ.

ಅಂಥ ದಾರಿಯು ಬೇರೆಡೆ ಇಲ್ಲದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಹದಿನೆಂಟು ತಿಂಗಳು ತನಿಖಾಕಾರ್ಯ ನಿರ್ವಹಿಸಿದ ಅಧಿಕಾರಿಗೆ ಮೂರನೆಯ ದರ್ಜೆಯ ಪತ್ತೇದಾರನ ಸ್ಥಾನವು ಸಲ್ಲುತ್ತದೆ. ಅದಕ್ಕೆ ಲಿಖಿತ ಪರೀಕ್ಷೆಯಿಲ್ಲ. ನಮ್ಮಲ್ಲಿ ತನಿಖೆಯನ್ನೇ ವೃತ್ತಿಯಾಗಿಸುವತ್ತ, ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಯನ್ನು ಕುರಿತ, ಕರ್ನಾಟಕದ ನ್ಯಾಯಮೂರ್ತಿ ವಿ. ಎಸ್. ಮಳಿಮಠ ಅವರ ಸಮಿತಿಯು 2003ರಲ್ಲಿಯೂ, ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದೂ, ತನಿಖೆಯನ್ನು ಕಾನೂನು-ಸುವ್ಯವಸ್ಥೆಯ ಕಾರ್ಯದಿಂದ ಪ್ರತ್ಯೇಕಿಸಬೇಕೆಂದು ಹೇಳಿದುವು.

ಜ್ಯೇಷ್ಠತೆಯ ಪಟ್ಟಿಯು ಪೇದೆಯನ್ನು ಮೇಲಧಿಕಾರಿಯ ಒಲವು-ಮುನಿಸುಗಳಿಂದ ಕಾಪಾಡುವುದೆಂಬ ವಾದವನ್ನು ಲಘುವಾಗಿ ಎಣಿಸಲಾಗದು. ಆದಕಾರಣ ಆ ಪಟ್ಟಿಯನ್ನು ಹರಿದೊಗೆಯಬೇಕೆಂಬುದು ಪ್ರಸ್ತುತ ಲೇಖಕನ ಅಭಿಮತವಲ್ಲ. ತನಿಖೆಗೆಂದೇ ಪ್ರತ್ಯೇಕ ವೃಂದವೊಂದನ್ನು ಸರ್ಕಾರವು ನಿಯಮದಲ್ಲಿ ರಚಿಸಬೇಕು; ಅದರ ಪ್ರವೇಶಕ್ಕೆ ಸ್ಥಳಮಹಜರು, ಮಾಲು ಜಪ್ತಿ, ದೋಷಾರೋಪಣ ಪಟ್ಟಿ, ನ್ಯಾಯಾಲಯದಲ್ಲಿ ಅವು ನಿಂತ ಬಗೆ ಮುಂತಾದ ಲಿಖಿತ ದಾಖಲೆಗಳನ್ನೇ ಬಡ್ತಿ ಸಮಿತಿಯು ಪ್ರಮಾಣವಾಗಿ ಸ್ವೀಕರಿಸತಕ್ಕದ್ದು. ಹಾಗಾಗದ ಹೊರತು, ಪತ್ತೇದಾರಿಕೆಯು ಸರ್ಕಾರದ ದೃಷ್ಟಿಯಲ್ಲಿ ಸೇವೆಯಾಗಿಯೇ ಉಳಿದೀತಲ್ಲದೆ ವೃತ್ತಿಯಾಗಲಾರದು.