ಕನ್ನಡ ನಾಡಿನ ಒಗಟುಗಳೂ ಗಣಿತವಿನೋದವೂ

ಬುದ್ಧಿಗೆ ಕೆಲಸವನ್ನೂ ಮನಸ್ಸಿಗೆ ವಿನೋದವನ್ನೂ ಏಕಕಾಲದಲ್ಲಿ ಒದಗಿಸುವ ಚಿಕ್ಕ ಪ್ರಶ್ನೆಗಳು ನಮ್ಮ ನಾಡಿಗೆ ಹೊಸವಲ್ಲ. ಹಳ್ಳಿಯ ಜಗಲಿಯಲ್ಲಿ ಅವು ಒಗಟುಗಳಾದುವು. ಮದುವೆಯ ಮನೆಯಲ್ಲಿ ಒಡಪುಗಳಾದುವು. ಹರಿದಾಸರಲ್ಲಿ ಮುಂಡಿಗೆಗಳೆಂದೂ ಶಿವಶರಣರಲ್ಲಿ ಬೆಡಗಿನ ವಚನಗಳೆಂದೂ ಹೆಸರಾದುವು. ಆಲಂಕಾರಿಕರು ಅವನ್ನು ಪ್ರಹೇಲಿಕೆಗಳೆಂದರು. ವಾತ್ಸ್ಯಾಯನನು ೬೪ ಕಲೆಗಳಲ್ಲಿ ಪ್ರಹೇಲಿಕೆಯನ್ನೂ ಎಣಿಸಿದ್ದಾನೆ. ದಂಡಿಯು ಕಾವ್ಯಾದರ್ಶದಲ್ಲಿ ಅದರ ೧೬ ಭೇದಗಳನ್ನು ವಿವರಿಸಿದ್ದಾನೆ. ಇವನ್ನು ಬರಿಯ ಮಕ್ಕಳಾಟವೆಂದು ತಳ್ಳಿಬಿಡುವವರು ಇವುಗಳ ಚರಿತ್ರೆಯತ್ತ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

ಆ ಚರಿತ್ರೆಯಲ್ಲಿ ಮಾನ್ಯಖೇಟಕ್ಕೆ ಹಿರಿಯ ಸ್ಥಾನವುಂಟು. ಕ್ರಿ. ಶ. ೯ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗವು ಹುಟ್ಟಿ, ಶಬ್ದಚಮತ್ಕಾರಕ್ಕೆ ಕನ್ನಡದಲ್ಲಿ ಲಕ್ಷಣವನ್ನು ಹೇಳಿತು. ಅದೇ ಕಾಲದಲ್ಲಿ ಅದೇ ಅರಸನನ್ನು ಸ್ತುತಿಸಿ ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ೧೯೧೨ರಲ್ಲಿ ರಂಗಾಚಾರ್ಯರು ಇದನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಇದರ ಕೀರ್ತಿಯು ಹೊರನಾಡುಗಳಿಗೂ ಮುಟ್ಟಿತು.

ಅದರಲ್ಲಿಯ ಒಂದು ಪ್ರಶ್ನೆಯ ತಾತ್ಪರ್ಯವಿದು: ಮೂವರು ವ್ಯಾಪಾರಿಗಳು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಮೊದಲನೆಯವನು, ಇದು ನನಗಾದರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನಲ್ಲಿರುವುದೆಂದನು, ಎರಡನೆಯವನು ಮೂರರಷ್ಟೆಂದನು, ಮೂರನೆಯವನು ಐದರಷ್ಟೆಂದನು. ಹಾಗಾದರೆ ಚೀಲದಲ್ಲೆಷ್ಟು, ಕೈಯಲ್ಲೆಷ್ಟು?

ಬಿಡಿಸುವ ಬಗೆಯನ್ನು ನೋಡೋಣ. ಚೀಲವೂ ಕೈಹಣವೂ ಸೇರಿದ ಒಟ್ಟು ಮೊತ್ತದಲ್ಲಿ ಕಡೆಯ ಇಬ್ಬರ ಹಣವು ಮೂರರಲ್ಲೊಂದು ಪಾಲು, ಮೊದಲನೆಯ ಮತ್ತು ಮೂರನೆಯವರ ಹಣವು ನಾಲ್ಕರಲ್ಲೊಂದು, ಮೊದಲಿಬ್ಬರದು ಆರರಲ್ಲೊಂದು. ಒಟ್ಟು ಮೊತ್ತವನ್ನು ೨೪ ಎಂದಿಟ್ಟುಕೊಂಡರೆ ಈ ಜೋಡಿಗಳು ೮, ೬, ೪ ಆಗುವುವು. ಇವನ್ನು ಕೂಡಿದರೆ ೧೮. ಒಬ್ಬೊಬ್ಬನೂ ಇದರಲ್ಲಿ ಎರಡು ಸಲ ಬಂದಿರುವುದರಿಂದ ಮೂವರ ಹಣ ೯. ಉಳಿದ ೧೫ ಚೀಲದ್ದು. ಕೈಯಲ್ಲಿದ್ದುದು ಕ್ರಮವಾಗಿ ೧, ೩, ೫. ಇವನ್ನೆಲ್ಲ ಇಮ್ಮಡಿ ಮುಮ್ಮಡಿ ಮಾಡಿದರೂ ಉತ್ತರವು ಸರಿಯೇ. ಆದರೆ ಪೂರ್ಣಸಂಖ್ಯೆಗಳಲ್ಲಿ ಇದೇ ಅತ್ಯಲ್ಪವಾದುದು. ಚೀಲವನ್ನು ಬಿಚ್ಚದೆಯೇ ಒಳಗಿನ ಹಣವನ್ನು ಎಣಿಸುವ ಈ ವಿವೇಕಕ್ಕೆ ಬೇಕಾದುದು ಕೂಡುವುದು, ಕಳೆಯುವುದು, ಭಾಗಿಸುವುದು ಮಾತ್ರ.

ಮಹಾವೀರನು ಕೆಲವು ಗುಣಲಬ್ಧಗಳನ್ನು ಕೊರಳ ಹಾರಗಳಿಗೆ ಹೋಲಿಸಿರುವನು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುವುದು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಹಾರವು ಒಂದೇ! ಮುಂದೆ ೧೨ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು, ಸಂಸ್ಕೃತವನ್ನರಿಯದವರಿಗೂ ಲೆಕ್ಕದ ಬಾಗಿಲನ್ನು ತೆರೆದನು.

ನಮ್ಮ ಭಾಷೆಯ ಎಣಿಕೆಯ ಮಾತುಗಳಲ್ಲಿಯೇ ಒಗಟು ಅಡಗಿದೆ. ಹತ್ತು ಎಂಬುದು ಸಂಖ್ಯೆಯೂ ಹೌದು, ಮರವನ್ನೇರೆಂಬ ಅಪ್ಪಣೆಯೂ ಹೌದು. ಏಳು ಎಂದರೆ ಮಲಗಿದವನು ಏಳಬೇಕು; ಆರು ಎಂದರೆ ದೀಪವು ನಂದಬೇಕು; ಒಂದು ಎಂದರೆ ಹಳಗನ್ನಡದಲ್ಲಿ ಕೂಡೆಂದರ್ಥ. ಇಂತಹ ಭಾಷೆಯಲ್ಲಿ ಲೆಕ್ಕವೂ ಶ್ಲೇಷೆಯೂ ಕೈಹಿಡಿದು ನಡೆದುದರಲ್ಲಿ ಆಶ್ಚರ್ಯವೇನು?

ರಾಜಾದಿತ್ಯನ ಶತಮಾನದಲ್ಲಿಯೇ ಅಲ್ಲಮಪ್ರಭು ಮೊದಲಾದ ಶರಣರು ಒಗಟಿನ ರೀತಿಯನ್ನು ಅನುಭಾವಕ್ಕೆ ತಿರುಗಿಸಿದರು. ಅಲ್ಲಿ ಐದೆಂದರೆ ಇಂದ್ರಿಯಗಳು, ಆರೆಂದರೆ ಅರಿಷಡ್ವರ್ಗವೋ ಷಟ್‌ಸ್ಥಲವೋ ಆಗಬಹುದು, ಎಂಟೆಂದರೆ ಮದಗಳು. ಸಂಕೇತವನ್ನರಿಯದವನಿಗೆ ಅದು ಅಸಂಬದ್ಧವಾದ ಮಾತು, ಅರಿತವನಿಗೆ ಉಪದೇಶ. ಆದುದರಿಂದಲೇ ಮುಂದಿನ ಕಾಲದ ವಿರಕ್ತರು ಇವಕ್ಕೆ ಟೀಕೆಗಳನ್ನು ಬರೆದು ಕೀಲಿಕೈಯನ್ನು ಕಾಪಾಡಿದರು.

ಹಳ್ಳಿಯ ಒಗಟುಗಳಿಗಾದರೋ ಅಂತಹ ಟೀಕಾಕಾರರಿಲ್ಲ. ಅವು ಬಾಯಿಂದ ಬಾಯಿಗೆ ಬಂದವು. ಹೇಳುವ ಅಜ್ಜಿಯೊಡನೆ ಪ್ರಶ್ನೆಯೂ ಉತ್ತರವೂ ಒಟ್ಟಿಗೇ ಮರೆಯಾಗುವುವು. ಉತ್ತರವನ್ನು ಕಳೆದುಕೊಂಡ ಒಗಟು ಬೀಗವಷ್ಟೇ ಉಳಿದ ಪೆಟ್ಟಿಗೆಯಂತೆ. ಪಾಠಶಾಲೆಗಳ ಉಪಾಧ್ಯಾಯರು ತಮ್ಮ ಊರಿನ ಒಗಟುಗಳನ್ನು ಉತ್ತರಸಹಿತವಾಗಿ ಬರೆದಿಡಲಿ. ಆದರೆ ಮಕ್ಕಳಿಗೆ ಕೇಳುವಾಗ ಉತ್ತರವನ್ನು ಅವಸರದಿಂದ ಹೇಳದಿರಲಿ. ತಾನೇ ಬಿಡಿಸಿದ ಗಂಟಿನ ಸಂತೋಷವು ಪರರು ಬಿಚ್ಚಿಕೊಟ್ಟುದರಲ್ಲಿ ದೊರೆಯದು.