ಗೇಟಿನ ಮುಂದಿನ ಕಲ್ಲುಪುಡಿ

ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ, ಕೆ.ಆರ್. ಮಾರ್ಕೆಟ್ ಹತ್ತಿರ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ಕೋತೀವಿ. ಆದ್ರೆ ಶಿವನಸಮುದ್ರದ ಆ ಕರೆಂಟ್ ಹುಟ್ಟಿದ್ದು ನಮಗೋಸ್ಕರ ಅಲ್ಲ ಕಣ್ರೀ. 1902ರಲ್ಲೇ ಅದು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ನಮ್ಮ ಸರದಿ ಬಂದಿದ್ದು ಮೂರು ವರ್ಷ ಆದ್ಮೇಲೆ. ಹಾಗಾಗಿ ಆ ಗಣೀಲಿ ಏನಾಯ್ತು ಅನ್ನೋದು ನಮ್ಮೂರಿನ ಕಥೆಗೂ ಸೇರಿದ್ದೇ.

ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿಟ್ಟಿದ್ದು 1880ರಲ್ಲಿ. ಒಳಗಿಳಿದು ಕಲ್ಲು ಒಡೆದವರು ಹೆಚ್ಚಾಗಿ ತಮಿಳು, ತೆಲುಗು ಸೀಮೆಯ ಬಡ ದಲಿತ ಕುಟುಂಬದವರು. ಅಗೆದು ಅಗೆದು ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯ್ತು. ಚಿನ್ನ ಇದ್ದಿದ್ದು ಬೆಣಚುಕಲ್ಲಿನ ಸಂದೀಲಿ. ಆ ಕಲ್ಲು ಕೊರೆದಾಗ ಏಳೋ ಪುಡಿ ಎಷ್ಟು ನುಣುಪು ಅಂದ್ರೆ, ಕಣ್ಣಿಗೂ ಕಾಣದೆ ಶ್ವಾಸಕೋಶದ ಬುಡಕ್ಕೇ ಹೋಗಿ ಕೂತ್ಕೊಳ್ಳುತ್ತೆ. ಕೂತ ಜಾಗದಲ್ಲಿ ಗಾಯ ಮಾಡಿ, ಅದನ್ನ ಗಟ್ಟಿ ಮಾಡಿಬಿಡುತ್ತೆ. ಇದಕ್ಕೇ ಸಿಲಿಕೋಸಿಸ್ ಅನ್ನೋದು. ಔಷಧಿಯಿಂದ ವಾಸಿ ಆಗೋದಲ್ಲ. ಕೆಲಸ ಬಿಟ್ಟ ಮೇಲೂ ಬೆಳೀತಾ ಹೋಗುತ್ತೆ, ಕ್ಷಯಾನೂ ಸುಲಭವಾಗಿ ಅಂಟಿಕೊಳ್ಳುತ್ತೆ.

1940ರಲ್ಲಿ ಮೈಸೂರು ಸಂಸ್ಥಾನ ಈ ಕಾಯಿಲೆಗೆ ಪರಿಹಾರದ ನಿಯಮ ತಂತು. ಆಮೇಲೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ, ನೂರಕ್ಕೆ 40ಕ್ಕೂ ಮೇಲ್ಪಟ್ಟವರಲ್ಲಿ ಅದು ಕಾಣಿಸ್ತು. ಅಂದ್ರೆ ಐದು ಜನ ಕೂತಿದ್ರೆ ಅದರಲ್ಲಿ ಇಬ್ಬರಿಗೆ! 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು, ಕೆಲಸದ ಜಾಗದಲ್ಲಿ ಈ ಪುಡಿ ಕುಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ರೂ ಬರುತ್ತೆ ಅಂತ ಖಚಿತವಾಗಿ ಹೇಳಿದ್ರು. ಬೀಡಿ ಸಿಗರೇಟು ಸೇದೋರಿಗಂತೂ ಅಪಾಯ ಇನ್ನೂ ಜಾಸ್ತಿ. 2001ರ ಫೆಬ್ರವರಿಗೆ ಗಣಿ ಮುಚ್ಚಿತು. ಆದ್ರೆ ಪುಡಿ ಮುಗೀಲಿಲ್ಲ.

ಈಗ ಅದು ನಮ್ಮ ಬೀದೀಲೇ ಇದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಎಲ್ಲಿ ನೋಡಿದ್ರೂ ಹಳೇ ಮನೆ ಒಡೀತಾ ಇದ್ದಾರೆ, ಅಪಾರ್ಟ್‌ಮೆಂಟ್ ಏಳ್ತಾ ಇದೆ. ಗ್ರಾನೈಟು, ಟೈಲು, ಕಾಂಕ್ರೀಟು ಎಲ್ಲದರಲ್ಲೂ ಇರೋದು ಅದೇ ಸಿಲಿಕಾ. ಕೊಯ್ಯೋ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡಿರ್ತಾನೆ, ಆ ಪುಡಿಗೆ ಟವೆಲ್ ಯಾವ ಲೆಕ್ಕ? ಸಾಯಂಕಾಲ ಅದನ್ನ ಒಣ ಪೊರಕೇಲಿ ಗುಡಿಸೋಳು ಆಳು ಹೆಂಗಸು, ಪಕ್ಕದಲ್ಲೇ ಅವಳ ಮಗು ಆಡ್ಕೊಂಡಿರುತ್ತೆ.

ಈಗಿನ ಇನ್ನೊಂದು ಶೋಕಿ, ಅಡಿಗೆಮನೆ ಕಟ್ಟೆಗೆ ಕ್ವಾರ್ಟ್ಜ್. ಗಣಿಯಿಂದ ತೆಗೆದ ಇಡೀ ಕಲ್ಲಲ್ಲ ಅದು, ಕಲ್ಲುಪುಡೀನ ರಾಳದಲ್ಲಿ ಕಲಸಿ ಒತ್ತಿದ್ದು. ಗ್ರಾನೈಟಿಗಿಂತ ಸಿಲಿಕಾ ಎಷ್ಟೋ ಹೆಚ್ಚು, ಕೆಲವದರಲ್ಲಿ ನೂರಕ್ಕೆ 90ರ ಮೇಲೆ. ಅದನ್ನ ಕೊಯ್ಯೋ ಚಿಕ್ಕ ವಯಸ್ಸಿನವರಿಗೇ ಸಿಲಿಕೋಸಿಸ್ ಬಂದಿದ್ದು ಕಂಡು ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಅದನ್ನ ನಿಷೇಧಿಸಿಬಿಟ್ಟರು. ಮನೇಲಿ ಕೂರಿಸಿದ ಮೇಲೆ ನಮಗೇನೂ ಆಗಲ್ಲ. ಆಗೋದೆಲ್ಲ ಕೊಯ್ಯೋನಿಗೆ.

ಉಪಾಯ ಏನು ಹೊಸದಲ್ಲ. ಕೊರೆಯೋವಾಗ ನೀರು ಬಿಟ್ರೆ ಪುಡಿ ಏಳಲ್ಲ ಅಂತ ಗಣಿಯವರು ನೂರು ವರ್ಷದ ಹಿಂದೆಯೇ ಕಲಿತಿದ್ರು. ನಮ್ಮನೇಲಿ ರಿಪೇರಿ ಕೆಲಸ ಹಿಡಿಸೋದು, ಮೇಸ್ತ್ರಿ ಹತ್ರ ಚೌಕಾಸಿ ಮಾಡೋದು, ಕೆಲಸದವರಿಗೆ ಕಾಫಿ ಕೊಡೋದು ಎಲ್ಲಾ ನಾವೇ ತಾನೆ? ರೇಟು ಮಾತಾಡೋವಾಗಲೇ ಇಷ್ಟು ಹೇಳಿಬಿಡಿ: ನೀರು ಬಿಟ್ಕೊಂಡೇ ಕೊಯ್ಯಬೇಕು, ಮೆಷಿನ್ನೂ ಅದಕ್ಕೆ ತಕ್ಕದ್ದೇ ಇರಬೇಕು, ಇಲ್ಲಾಂದ್ರೆ ಶಾಕ್ ಹೊಡೆಯುತ್ತೆ. ಕೊರೋನಾ ಕಾಲದ ಎನ್-95 ಮಾಸ್ಕು ಪ್ರತಿಯೊಬ್ಬರಿಗೂ ಕೊಡಬೇಕು. ಗುಡಿಸೋ ಮುಂಚೆ ನೀರು ಚಿಮುಕಿಸಬೇಕು. ಜೊತೆಗೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಇದೆಯಾ ಅಂತಲೂ ಕೇಳಿ, ಇಲ್ದಿದ್ರೆ ಮಾಡಿಸಿಕೊಳ್ಳೋಕೆ ಹೇಳಿ.

ಕೆಲಸ ಒಂದು ದಿನ ತಡ ಆಗಬಹುದು, ನೆಲ ಕೊಚ್ಚೆ ಆಗಬಹುದು. ಕೊಚ್ಚೆ ತೊಳೆದ್ರೆ ಹೋಗುತ್ತೆ. ಎದೇಲಿ ಕೂತ ಪುಡಿ ಮಾತ್ರ ಹೋಗಲ್ಲ.