ಚರ್ಚ್ ಸಮಿತಿ

ಅಮೆರಿಕದ ಗುಪ್ತಚರ ಸಂಸ್ಥೆಗಳ ಅಕ್ರಮಗಳನ್ನು ತನಿಖೆ ಮಾಡಲು ಅಲ್ಲಿನ ಸೆನೆಟ್ 1975ರ ಜನವರಿ 27ರಂದು ರಚಿಸಿದ 11 ಸದಸ್ಯರ ಸಮಿತಿ. ಐಡಹೊ ರಾಜ್ಯದ ಸೆನೆಟರ್ ಫ್ರ್ಯಾಂಕ್ ಚರ್ಚ್ ಅಧ್ಯಕ್ಷರಾಗಿದ್ದರಿಂದ ಈ ಹೆಸರು. ಇಗರ್ಜಿಗೂ ಇದಕ್ಕೂ ನಂಟಿಲ್ಲ. ಸಿಐಎ ಸ್ವದೇಶದ ಯುದ್ಧವಿರೋಧಿಗಳ ಮೇಲೇ ಕಣ್ಣಿಟ್ಟಿದ್ದನ್ನು ಪತ್ರಕರ್ತ ಸೆಮೂರ್ ಹರ್ಶ್ 1974ರ ಡಿಸೆಂಬರ್‌ನಲ್ಲಿ ಬಯಲಿಗೆಳೆದದ್ದು ಇದಕ್ಕೆ ನಾಂದಿಯಾಯಿತು.

ಸಮಿತಿ ಕಂಡುಕೊಂಡಂತೆ, ಸಿಐಎ 1953ರಿಂದ 1973ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಅಂಚೆ ಲಕೋಟೆಗಳನ್ನು ಗುಟ್ಟಾಗಿ ಒಡೆದು ನೋಡಿತ್ತು. ತಂತಿ ಕಂಪನಿಗಳು ವಿದೇಶಕ್ಕೆ ಹೋಗಿಬರುವ ಸಂದೇಶಗಳ ಪ್ರತಿಗಳನ್ನು ವರ್ಷಗಟ್ಟಲೆ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ (ಎನ್‌ಎಸ್‌ಎ) ಒಪ್ಪಿಸುತ್ತಿದ್ದವು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಆತ್ಮಹತ್ಯೆಗೆ ದೂಡುವಂಥ ಅನಾಮಧೇಯ ಪತ್ರ ಹೊರಟಿದ್ದು ಎಫ್‌ಬಿಐನಿಂದ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ, ಕಾಂಗೊದ ಪ್ಯಾಟ್ರಿಸ್ ಲುಮುಂಬಾ ಅವರನ್ನು ಮುಗಿಸುವ ಸಂಚುಗಳೂ ದಾಖಲಾದವು. ವಿಷದ ಮುಳ್ಳು ಹಾರಿಸುವ ಸಿಐಎ ಪಿಸ್ತೂಲನ್ನು ಚರ್ಚ್ ಬಹಿರಂಗ ವಿಚಾರಣೆಯಲ್ಲಿ ಎತ್ತಿಹಿಡಿದ ಚಿತ್ರ ಮನೆಮಾತಾಯಿತು. ನಿಜಕ್ಕೂ ದಿಗಿಲು ಹುಟ್ಟಿಸಬೇಕಾದದ್ದು ಆ ಒಡೆದ ಲಕೋಟೆಗಳು.

ತನಿಖೆ ನಡೆಯುತ್ತಿದ್ದಾಗಲೇ, 1976ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ರಾಜಕೀಯ ಹತ್ಯೆಯನ್ನು ನಿಷೇಧಿಸಿದರು. ಅದೇ ವರ್ಷ ಸೆನೆಟ್‌ನಲ್ಲಿ, ಮರುವರ್ಷ ಕೆಳಮನೆಯಲ್ಲಿ ಗುಪ್ತಚರ ಮೇಲ್ವಿಚಾರಣೆಗೆ ಕಾಯಂ ಸಮಿತಿಗಳು ಹುಟ್ಟಿದವು. ವಿದೇಶಿ ಗೂಢಚರ್ಯೆಯ ಹೆಸರಿನಲ್ಲಿ ದೇಶದೊಳಗೆ ಕದ್ದಾಲಿಸಲು ವಿಶೇಷ ನ್ಯಾಯಾಲಯದ ಅನುಮತಿ ಬೇಕೆಂದು 1978ರ ಕಾಯ್ದೆ ವಿಧಿಸಿತು. ಆದರೆ ಆ ನ್ಯಾಯಾಲಯ ಕಲಾಪ ನಡೆಸುವುದು ಮುಚ್ಚಿದ ಬಾಗಿಲ ಹಿಂದೆ, ಬಹುತೇಕ ಸರ್ಕಾರಿ ವಕೀಲರ ವಾದವನ್ನಷ್ಟೇ ಕೇಳಿ. ಕೋಟ್ಯಂತರ ದೂರವಾಣಿ ಕರೆಗಳ ವಿವರ ಸಂಗ್ರಹಕ್ಕೆ ಅದು ಸಮ್ಮತಿಸಿದ್ದು 2013ರಲ್ಲಿ ಎನ್‌ಎಸ್‌ಎ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಕಡತಗಳಿಂದ ಜನರಿಗೆ ತಿಳಿಯಿತು.